ಹಾಡು ನಮ್ದು, ಬೀಗದ ಕೈ ಯಾರದ್ದು?

ಹೋದ ವರ್ಷ ಶ್ರಾವಣ ಕಳೆದ ಮೇಲೆ ನಮ್ಮ ಓಣಿಯ ಅಜ್ಜಿಯೊಬ್ಬರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಕೋಣೆ ಅಂದರೆ ನ್ಯಾಮತಿಯಲ್ಲಿ ನಮ್ಮ ಮನೆಯ ಹಿಂದಿನ ಅಡಿಕೆ ಕೋಣೆ. ಗೋಡೆಗೆಲ್ಲ ಕೌದಿ ಹೊಡೆದು, ಫ್ಯಾನು ಬಂದ್ ಮಾಡಿ, ಎರಡು ಮೈಕು ನಿಲ್ಲಿಸಿದರೆ ಅದೇ ನಮ್ಮ ಸ್ಟುಡಿಯೋ. ಸುತ್ತಮುತ್ತಲ ಭಜನಾ ಮಂಡಳಿಯವರು, ಜಾತ್ರೆಗೆ ಹಾಡು ಮಾಡಿಸೋರು, ಶಾಲೆಯ ವಾರ್ಷಿಕೋತ್ಸವಕ್ಕೆ ಟ್ರ್ಯಾಕ್ ಬೇಕು ಅನ್ನೋ ಮೇಷ್ಟ್ರುಗಳು ಇಲ್ಲಿಗೆ ಬರ್ತಾರೆ.

"ತಮ್ಮಾ, ಆವಾಗ ನಮ್ಮ ಕೈಲಿ ಸೋಬಾನೆ ಪದ ಹೇಳಿಸ್ಕಂಡಿದ್ಯಲ್ಲ, ಅವನ್ನ ಒಂಚೂರು ಕೇಳ್ಸಪ್ಪ. ಮೊಮ್ಮಗಳ ಮದುವೆ ಐತೆ. ನಂಗೀಗ ಉಸ್ರು ನಿಲ್ಲಲ್ಲ, ಹುಡುಗ್ರಿಗೆ ಪದ ಬರಲ್ಲ" ಅಂದರು.

ಆವಾಗ ಅಂದರೆ 2010. ನಾಲ್ಕು ಜನ ಹೆಂಗಸರು ಎರಡು ಮಧ್ಯಾಹ್ನ ಕೂತು ಹಾಡಿದ್ದರು. ಅವರಲ್ಲಿ ಇಬ್ಬರು ಈಗಿಲ್ಲ. ನಾನು ಧೈರ್ಯವಾಗಿ, "ಕೂತ್ಕಳಿ ಅಜ್ಜಿ, ಈಗ್ಲೇ ಹಾಕ್ತೀನಿ" ಅಂದು ಹಳೇ ಹಾರ್ಡ್ ಡಿಸ್ಕ್ ಚುಚ್ಚಿದೆ. ಫೈಲು ಕಣ್ಣಿಗೆ ಕಾಣ್ತಿದೆ, ತೆರೀತಾ ಇಲ್ಲ. ಅದನ್ನು ಮಾಡಿದ ಸಾಫ್ಟ್‌ವೇರು ಹಳೇ ವಿಂಡೋಸ್ ಎಕ್ಸ್‌ಪಿ ಮಷಿನ್ನಿನ ಜೊತೆಗೇ ಸತ್ತಿತ್ತು. ಅದೇನು ದುಡ್ಡು ಕೊಟ್ಟು ತಂದದ್ದಲ್ಲ, ನಮ್ಮಲ್ಲಿ ಆಗ ಎಲ್ಲರೂ ಮಾಡುತ್ತಿದ್ದ ಹಾಗೆ ಯಾರೋ ಬರೆದುಕೊಟ್ಟ ಸಿ.ಡಿ.ಯ ಕಳ್ಳ ಕಾಪಿ. ಹಾಗಾಗಿ ಕಂಪನಿಗೆ ಫೋನು ಮಾಡಿ ಕೇಳೋ ಮುಖವೂ ನನಗಿರಲಿಲ್ಲ. ಹೊಸ ಆವೃತ್ತಿ ಕೊಳ್ಳೋಣ ಅಂದರೆ ಅದರ ಬೆಲೆಗೆ ನನ್ನ ಮೂರು ತಿಂಗಳ ದುಡಿಮೆ ಬೇಕು. ಕೊಂಡರೂ ಆಗ ಬಳಸಿದ್ದ ಪ್ಲಗಿನ್ನುಗಳು ಸಿಗೋದಿಲ್ಲ.

ಫೋಲ್ಡರಿನ ಒಳಗೆ 63 ತುಣುಕು ಡಬ್ಲ್ಯೂ.ಎ.ವಿ. ಫೈಲುಗಳಿದ್ದವು. ಆಡಿಯೋ 01, ಆಡಿಯೋ 02 ಅಂತ ಹೆಸರು. ಧ್ವನಿ ಉಳಿದಿತ್ತು. ಯಾವ ತುಣುಕಿನ ಮುಂದೆ ಯಾವುದು, ಯಾರ ದನಿಯ ಮೇಲೆ ಯಾರ ದನಿ ಅನ್ನೋ ಲೆಕ್ಕ ಮಾತ್ರ ಆ ತೆರೆಯದ ಫೈಲಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಅಜ್ಜಿಗೆ ಏನು ಹೇಳಲಿ? "ನಾಳೆ ಬರ್ರಿ" ಅಂದೆ. ಅವರು ಹೋದ ಮೇಲೆ ನನಗೆ ತಲೆಗೆ ಹೊಕ್ಕ ಪ್ರಶ್ನೆ ಇದು: ಹಾಡಿದೋರು ಅವರು, ಮೈಕು ಹಿಡಿದೋನು ನಾನು, ಹಾಡು ಊರಿನದು. ಹಂಗಿದ್ದ ಮೇಲೆ ಬೀಗದ ಕೈ ಮೂರನೆಯವರ ಹತ್ತಿರ ಹೋದದ್ದು ಹೇಗೆ? ಈ ಲೇಖನ ಅದನ್ನೇ ಹುಡುಕಿಕೊಂಡು ಹೋದ ಕಥೆ.

ಮೊದಲು ನಮ್ಮ ಸೀಮೆಯ ವಿಷಯ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇವತ್ತು ಒಂದೇ ದಾವಣಗೆರೆ ಜಿಲ್ಲೆಯಲ್ಲಿವೆ. ಆದರೆ ಈ ಜಿಲ್ಲೆ ಹುಟ್ಟಿದ್ದೇ 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿಯಂತೂ ಈಚೆಗೆ ಹೊನ್ನಾಳಿಯಿಂದ ಒಡೆದು ತಾಲ್ಲೂಕಾದದ್ದು. ಹಾಡಿನ ಮಣ್ಣೂ ಹಾಗೇ ಬೇರೆ ಬೇರೆ. ಚನ್ನಗಿರಿಯ ಕಡೆ ಸೂಳೆಕೆರೆ, ಅಡಿಕೆ ತೋಟ, ಭದ್ರಾ ನಾಲೆಯ ನೀರು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಭಜನೆ, ತತ್ವಪದ. ನ್ಯಾಮತಿಯ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಕ್ಷೇತ್ರ, ಅಲ್ಲಿ ಲಂಬಾಣಿ ಹಾಡಿನ ಹೊಳೆಯೇ ಹರಿಯುತ್ತೆ. ಜಗಳೂರು ಮಳೆ ಕಡಿಮೆಯ ಬಯಲು, ಕಾಡುಗೊಲ್ಲರ ಪದ, ಕೋಲಾಟ. ಇಷ್ಟೆಲ್ಲವನ್ನೂ ಹಿಡಿದಿಡೋ ಯಂತ್ರ ಯಾರ ಕೈಲಿತ್ತು ಅನ್ನೋದೇ ಇಲ್ಲಿನ ಇತಿಹಾಸ.

ಮೊದಲು ಸರ್ಕಾರದ ಕೈಲಿತ್ತು. 1965ರಲ್ಲಿ ಭದ್ರಾವತಿಗೆ ಆಕಾಶವಾಣಿ ಬಂತು. ನಮ್ಮ ಅಪ್ಪನ ಕಾಲದಲ್ಲಿ ಹಾಡೋರಿಗೆ ದೊಡ್ಡ ಮರ್ಯಾದೆ ಅಂದರೆ ಭದ್ರಾವತಿಯಿಂದ ಕಾಗದ ಬರೋದು. ಅಲ್ಲಿ ಹೋಗಿ ಹಾಡಿದರೆ ಟೇಪಿನ ಸುರುಳಿ ಅವರ ಬೀರುವಿನಲ್ಲಿ ಉಳೀತಿತ್ತು, ಹಾಡಿದೋರ ಮನೆಗೆ ಬರ್ತಿರಲಿಲ್ಲ. ರೇಡಿಯೋದಲ್ಲಿ ಬಂದಾಗ ಓಣಿಯೆಲ್ಲ ಸೇರಿ ಕೇಳೋದು, ಆಮೇಲೆ ಅದು ಗಾಳಿಗೆ ಹೋತು.

ಅದಕ್ಕಿಂತ ಹಿಂದಕ್ಕೆ ಹೋದರೆ ಗ್ರಾಮಫೋನ್ ಕಾಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ದೇಶದ ಮೊದಲ ತಟ್ಟೆಗಳಿಗೆ ದನಿಯಾದಳು. ಆಕೆ ಕಡೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ, ತೀರಿಕೊಂಡದ್ದೂ ಅಲ್ಲೇ, 1930ರ ಜನವರಿಯಲ್ಲಿ. ಅವತ್ತು ತಟ್ಟೆ ಮುದ್ರಿಸೋ ಕಾರ್ಖಾನೆ ಕಂಪನಿಯದು. ಹಳ್ಳಿಯೋರು ಕೇಳಬಹುದಿತ್ತು, ಮುದ್ರಿಸೋಕೆ ಆಗ್ತಿರಲಿಲ್ಲ.

ಇದನ್ನ ಮುರಿದದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ಎರಡು ವರ್ಷ ಕಳೆದು ಅದರ ವಿನ್ಯಾಸವನ್ನು ಬೇರೆ ಕಂಪನಿಗಳಿಗೂ ಪುಕ್ಕಟೆ ಬಳಸಲು ಬಿಟ್ಟಿತು. ಇದೊಂದು ಸಣ್ಣ ಸುದ್ದಿ ಅನ್ನಿಸಬಹುದು. ಆದರೆ ಇದರಿಂದಲೇ ಜಪಾನಿನ ಟೇಪ್‌ರೆಕಾರ್ಡರಿನಲ್ಲಿ ತುಂಬಿದ ಕ್ಯಾಸೆಟ್ಟು ಜಗಳೂರಿನ ಹೋಟೆಲಿನ ಲೋಕಲ್ ಪ್ಲೇಯರಿನಲ್ಲೂ ಹಾಡಿತು. ಯಾವ ಕಂಪನಿಯ ಟೇಪು, ಯಾವ ಕಂಪನಿಯ ಮಷಿನ್ನು ಅಂತ ಯಾರೂ ಕೇಳಲಿಲ್ಲ. 80ರ ದಶಕದ ಹೊತ್ತಿಗೆ ಬೆಂಗಳೂರಿನಲ್ಲಿ ಲಹರಿ, ಸಂಗೀತಾ ಕಂಪನಿಗಳು ಕನ್ನಡದ ಕ್ಯಾಸೆಟ್ಟನ್ನು ಊರೂರಿಗೆ ತಲುಪಿಸಿದವು. ಹಾಡು ತುಂಬಿಸೋಕೆ ಮದ್ರಾಸಿಗೆ ಹೋಗೋದು ತಪ್ಪಲಿ ಅಂತ ಶಂಕರ್ ನಾಗ್ ಬೆಂಗಳೂರಿನಲ್ಲೇ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ನಮ್ಮೂರಿನ ಭಜನಾ ಮಂಡಳಿಯೋರೂ ಒಂದು ಟೂ-ಇನ್-ವನ್ ಇಟ್ಟುಕೊಂಡು, ಕೆಂಪು ಗುಂಡಿ ಒತ್ತಿ, ತಮ್ಮ ಹಾಡು ತಾವೇ ಹಿಡಿದಿಟ್ಟರು. ಆ ಕ್ಯಾಸೆಟ್ಟುಗಳನ್ನ ಇವತ್ತೂ ಯಾವುದಾದರೊಂದು ಹಳೇ ಪ್ಲೇಯರಿಗೆ ಹಾಕಿದರೆ ಗರಗರ ಅಂದುಕೊಂಡಾದರೂ ಹಾಡ್ತವೆ. 2010ರ ನನ್ನ ಡಿಜಿಟಲ್ ಫೈಲು ಹಾಡಲಿಲ್ಲ ನೋಡಿ!

ಕ್ಯಾಸೆಟ್ಟಿನ ಹಾಗೇ ಇನ್ನೊಂದು ಹಂಚಿಕೊಂಡ ಕಟ್ಟಳೆ ಮಿಡಿ. ಕೀಬೋರ್ಡಿನ ಮನೆ ಒತ್ತಿದರೆ ಯಾವ ಸ್ವರ, ಎಷ್ಟು ಜೋರು ಅನ್ನೋದನ್ನ ಇನ್ನೊಂದು ಯಂತ್ರಕ್ಕೆ ತಿಳಿಸೋ ಭಾಷೆ ಅದು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೋ ಕಾಕೆಹಾಶಿ ಮುಂದೆ ನಿಂತು ಪೈಪೋಟಿಯ ಕಂಪನಿಗಳನ್ನ ಒಪ್ಪಿಸಿ 1983ರಲ್ಲಿ ಅದನ್ನ ಹೊರತಂದರು. ಅದಕ್ಕೆ ರಾಯಧನ ಇಡಲಿಲ್ಲ. ನಲವತ್ತು ವರ್ಷ ಹಳೆಯ ಕೀಬೋರ್ಡನ್ನ ಇವತ್ತಿನ ಕಂಪ್ಯೂಟರಿಗೆ ಚುಚ್ಚಿದರೂ ಮಾತಾಡುತ್ತೆ. ದಾವಣಗೆರೆಯ ಆರ್ಕೆಸ್ಟ್ರಾದ ಹುಡುಗರು ಸೆಕೆಂಡ್ ಹ್ಯಾಂಡ್ ಕೀಬೋರ್ಡು ಕೊಂಡು ಜೀವನ ಮಾಡಿದ್ದು ಈ ಕಟ್ಟಳೆಯ ದೆಸೆಯಿಂದ.

ಇನ್ನು ನಮ್ಮೋರೇ ಮಾಡಿದ್ದೂ ಇದೆ. ಶ್ರುತಿಗೆ ಕೂರೋಕೆ ತಂಬೂರಿ ಹೊತ್ತು ತಿರುಗೋ ಕಷ್ಟ ನೋಡಿ ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರು ಎಂಜಿನಿಯರೂ ಹೌದು, ಕೊಳಲು ನುಡಿಸೋರೂ ಹೌದು. ರಾಡೆಲ್ ಅನ್ನೋ ಹೆಸರಿನ ಆ ಪೆಟ್ಟಿಗೆ ಇಲ್ಲದ ಸಂಗೀತ ಮೇಷ್ಟ್ರ ಮನೆ ಕಡಿಮೆ. ಯಮಹಾದೋರು ಯಾವಾಗ ತಂಬೂರಿ ಮಾಡ್ತಾರೋ ಅಂತ ಅವರು ಕಾಯಲಿಲ್ಲ.

ಈಗ ಬೀಗ ಬಿದ್ದ ಕಥೆಗೆ ಬರೋಣ. 1985ರಲ್ಲಿ ಬಂದ ಅಟಾರಿ ಎಸ್‌ಟಿ ಅನ್ನೋ ಕಂಪ್ಯೂಟರಿನಲ್ಲಿ ಮಿಡಿ ಕಿಂಡಿ ಹುಟ್ಟಿನಿಂದಲೇ ಇತ್ತು. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1989ರಲ್ಲಿ ಅದಕ್ಕೇ ಅಂತ ಕ್ಯೂಬೇಸ್ ಮಾಡಿತು. 1991ರಲ್ಲಿ ಪ್ರೋ ಟೂಲ್ಸ್ ಬಂತು. 1996ರಲ್ಲಿ ಸ್ಟೈನ್‌ಬರ್ಗಿನವರೇ ವಿ.ಎಸ್.ಟಿ. ಅನ್ನೋ ಪ್ಲಗಿನ್ ಪದ್ಧತಿ ತಂದರು. ಪ್ಲಗಿನ್ ಅಂದರೆ ಮುಖ್ಯ ಸಾಫ್ಟ್‌ವೇರಿನ ಒಳಗೆ ಕೂರಿಸೋ ಸಣ್ಣ ಯಂತ್ರ. ದನಿಗೆ ಗುಂಗು ಕೊಡೋದು ಒಂದು, ಶಹನಾಯಿ ನುಡಿಸೋದು ಒಂದು, ಗದ್ದಲ ತೆಗೆಯೋದು ಇನ್ನೊಂದು. ಕೋಟಿ ಬೆಲೆಯ ಸ್ಟುಡಿಯೋದ ಸಾಮಾನೆಲ್ಲ ಒಂದು ಕಂಪ್ಯೂಟರಿನೊಳಗೆ ಬಂತು. ನನ್ನ ಅಡಿಕೆ ಕೋಣೆ ಸ್ಟುಡಿಯೋ ಆದದ್ದು ಇದರಿಂದಲೇ, ಆ ಋಣ ನಾನು ಮರೆಯಲ್ಲ.

ಆದರೆ ಆ ಸಾಮಾನಿನ ಬಾಗಿಲು ಎರಡೇ: ವಿಂಡೋಸು ಅಥವಾ ಮ್ಯಾಕು. ಒಂದು ಬಾಗಿಲು ಮುಚ್ಚಿದರೆ ಏನಾಗುತ್ತೆ ಅನ್ನೋದಕ್ಕೆ 2002ರ ಲಾಜಿಕ್ ಕಥೆ ಸಾಕು. ಇಮ್ಯಾಜಿಕ್ ಅನ್ನೋ ಜರ್ಮನಿಯ ಕಂಪನಿ ಲಾಜಿಕ್ ಮಾಡುತ್ತಿತ್ತು, ವಿಂಡೋಸಿಗೂ ಮ್ಯಾಕಿಗೂ ಕೊಡುತ್ತಿತ್ತು. 2002ರ ಜುಲೈನಲ್ಲಿ ಆಪಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಅದೇ ಸೆಪ್ಟೆಂಬರ್ 30ಕ್ಕೆ ವಿಂಡೋಸ್ ಆವೃತ್ತಿ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡು, ವರ್ಷಗಟ್ಟಲೆ ಹಾಡು ಕಟ್ಟಿದ್ದ ವಿಂಡೋಸ್ ಬಳಕೆದಾರರು ಒಂದೋ ಹೊಸ ಮ್ಯಾಕ್ ಕೊಳ್ಳಬೇಕು, ಇಲ್ಲಾ ಹೊಸ ಸಾಫ್ಟ್‌ವೇರು ಕಲೀಬೇಕು. ಅವರ ತಪ್ಪೇನೂ ಇರಲಿಲ್ಲ, ಕಳ್ಳ ಕಾಪಿ ಬಳಸಿದ ನನ್ನ ಥರದೋರೂ ಅಲ್ಲ ಅವರು. ಕಂಪನಿ ಕೈ ಬದಲಾಯ್ತು, ಅಷ್ಟೇ. ನಮ್ಮ ಜಗಳೂರು ಚಿತ್ರದುರ್ಗದಿಂದ ದಾವಣಗೆರೆಗೆ ಬಂದಾಗ ರೈತರ ಪಹಣಿ ಓದೋಕೆ ಬರದೆ ಹೋಗಲಿಲ್ಲವಲ್ಲ!

ಸಂಗೀತದೋರು ಲಿನಕ್ಸ್ ಕಡೆ ನೋಡೋಕೆ ಶುರು ಮಾಡಿದ್ದು ಇಂಥ ಅನುಭವಗಳಿಂದ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರಬಿಟ್ಟ ಲಿನಕ್ಸ್ ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನ ಮಾರಿಕೊಂಡು ಬಾಗಿಲು ಹಾಕೋಕೆ ಬರಲ್ಲ. ಆದರೆ ಶುರುವಿನಲ್ಲಿ ಸಂಗೀತಕ್ಕೆ ಅದು ಒಗ್ಗುತ್ತಿರಲಿಲ್ಲ, ಇದನ್ನ ಒಪ್ಪಿಕೊಳ್ಳಲೇಬೇಕು. ಸೌಂಡ್ ಕಾರ್ಡೇ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಆಲ್ಸಾ ಅನ್ನೋ ಧ್ವನಿ ವ್ಯವಸ್ಥೆ ಶುರು ಮಾಡಿದರು. 2003ರ ಕೊನೆಗೆ ಬಂದ 2.6 ಕರ್ನಲ್ಲಿನಲ್ಲಿ ಅದು ಒಳಗೇ ಸೇರಿಕೊಂಡಿತು.

ಎರಡನೆಯ ತೊಡಕು ತಡ. ಹಾಡುವವ ಬಾಯಿ ತೆರೆದದ್ದಕ್ಕೂ ಹೆಡ್‌ಫೋನಿನಲ್ಲಿ ಅವನ ದನಿ ಅವನಿಗೇ ಕೇಳಿಸೋದಕ್ಕೂ ನಡುವಿನ ಅಂತರ. ಇದನ್ನ ಡೊಳ್ಳಿನೋರಿಗೆ ನಾನು ಹೀಗೆ ಹೇಳ್ತೀನಿ: ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಅಂದರೆ 10 ಮಿಲಿಸೆಕೆಂಡಿನಲ್ಲಿ ಮೂರೂವರೆ ಮೀಟರ್ ಹತ್ತಿರ. ನಿಮ್ಮಿಂದ ಮೂರೂವರೆ ಮೀಟರ್ ದೂರ ನಿಂತ ಜೊತೆಗಾರನ ಏಟು ನಿಮಗೆ ಅಷ್ಟು ತಡವಾಗಿಯೇ ಕೇಳೋದು, ಆದರೂ ತಾಳ ತಪ್ಪಲ್ಲ. ಆದರೆ ಅವನು ಮೂವತ್ತೈದು ಮೀಟರ್ ಆಚೆ, ದೇವಸ್ಥಾನದ ಆ ಮೂಲೆಗೆ ಹೋಗಿ ನಿಂತರೆ 100 ಮಿಲಿಸೆಕೆಂಡ್ ಆಗುತ್ತೆ, ತಾಳ ಚೆಲ್ಲಾಪಿಲ್ಲಿ. ಕಂಪ್ಯೂಟರು ಮೂರು ಮೀಟರಿನೊಳಗೇ ನಿಲ್ಲಬೇಕು. ಸೆಕೆಂಡಿಗೆ 48000 ಮಾದರಿ ತಗೊಳ್ಳೋ ಹಾಗೆ ಇಟ್ಟು, 256 ಮಾದರಿಗೊಂದು ಕಂತೆ ಕಟ್ಟಿದರೆ ಒಂದು ಕಂತೆಗೆ ಐದು ಮಿಲಿಸೆಕೆಂಡಿಗಿಂತ ಚೂರು ಹೆಚ್ಚು. ಕಂಪ್ಯೂಟರು ಬೇರೆ ಕೆಲಸದ ನಡುವೆ ಒಂದು ಕಂತೆ ಮರೆತರೂ 'ಟಪ್' ಅಂತ ಶಬ್ದ ಬರುತ್ತೆ, ಒಳ್ಳೇ ಆಲಾಪ ಕೆಡುತ್ತೆ.

ಈ ತೊಡಕು ಬಿಡಿಸಿದೋರ ಕಥೆ ಚೆನ್ನಾಗಿದೆ. ಅಮೆಜಾನ್ ಕಂಪನಿಯ ಮೊಟ್ಟಮೊದಲ ಪ್ರೋಗ್ರಾಮರುಗಳಲ್ಲಿ ಒಬ್ಬರಾದ ಪೌಲ್ ಡೇವಿಸ್ ಅದನ್ನ ಬಿಟ್ಟು ಬಂದು, 2000ದ ಆಸುಪಾಸಿನಲ್ಲಿ ಲಿನಕ್ಸಿಗೆ ಆರ್ಡರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಬರೆಯೋಕೆ ಕೂತರು. ಅದರ ಜೊತೆಗೇ ಜ್ಯಾಕ್ ಹುಟ್ಟಿತು. ಒಂದು ಸಾಫ್ಟ್‌ವೇರಿನ ಧ್ವನಿಯನ್ನ ಇನ್ನೊಂದಕ್ಕೆ ತಡವಿಲ್ಲದೆ ಸಾಗಿಸೋ ಕಾಲುವೆ ಅದು. ಇನ್ನೊಂದು ಕಡೆ ಕರ್ನಲ್ಲಿಗೇ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸೋ ಶಿಸ್ತು ಕಲಿಸಲು ಇಂಗೋ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದೋರು 2004ರ ಹೊತ್ತಿಗೆ ಕೈಹಾಕಿದರು. ಆ ಕೆಲಸ ಪೂರ್ತಿಯಾಗಿ ಮುಖ್ಯ ಕರ್ನಲ್ಲಿಗೆ ಸೇರಿದ್ದು 2024ರ ನವೆಂಬರಿನಲ್ಲಿ ಬಂದ 6.12 ಆವೃತ್ತಿಯಲ್ಲಿ. ಇಪ್ಪತ್ತು ವರ್ಷ! ಅಡಿಕೆ ಸಸಿ ಇಟ್ಟೋರಿಗೆ ಮಾತ್ರ ಈ ತಾಳ್ಮೆ ಅರ್ಥ ಆಗೋದು. 2007ರಲ್ಲೇ ಉಬುಂಟು ಸ್ಟುಡಿಯೋ ಅಂತ ಸಂಗೀತದೋರಿಗೇ ಜೋಡಿಸಿಟ್ಟ ಲಿನಕ್ಸ್ ಬಂತು. 2021ರಿಂದ ಪೈಪ್‌ವೈರ್ ಬಂದು ಧ್ವನಿಯ ಗೊಂದಲ ಇನ್ನಷ್ಟು ತಗ್ಗಿತು. ಅಂದರೆ ಲಿನಕ್ಸಿನಲ್ಲಿ ಒಳ್ಳೇ ರೆಕಾರ್ಡಿಂಗ್ ಆಗಲ್ಲ ಅನ್ನೋ ಮಾತು ಇವತ್ತು ನಿಲ್ಲಲ್ಲ.

ಹಂಗಾದ್ರೆ ದೊಡ್ಡ ಕಂಪನಿಗಳು ಯಾಕೆ ಬರಲ್ಲ? ಅವರ ಮಾತನ್ನೂ ಕೇಳಬೇಕು. ಲಿನಕ್ಸ್ ಬಳಸೋ ಸಂಗೀತಗಾರರು ಕಡಿಮೆ. ಲಿನಕ್ಸ್ ಒಂದಲ್ಲ, ಡೆಬಿಯನ್, ಉಬುಂಟು, ಫೆಡೋರಾ ಅಂತ ಹತ್ತಾರು ಮನೆ. ಒಂದೊಂದರಲ್ಲೂ ಪರೀಕ್ಷೆ ಮಾಡಿ, ಫೋನು ಬಂದಾಗ ಉತ್ತರ ಹೇಳಬೇಕು, ಅದಕ್ಕೆ ಸಂಬಳ ಕೊಡಬೇಕು. ಕಳ್ಳ ಕಾಪಿ ತಡೆಯೋಕೆ ಇಟ್ಟ ಬೀಗದ ವ್ಯವಸ್ಥೆ ಲಿನಕ್ಸಿನಲ್ಲಿ ಓಡಲ್ಲ. ಇದರಲ್ಲಿ ನನ್ನಂಥೋರ ಪಾಲೂ ಇದೆ, ನಾವು ಕದ್ದಿದ್ದಕ್ಕೇ ಅವರು ಬೀಗ ದಪ್ಪ ಮಾಡಿದ್ದು. ಇನ್ನು ಕಡಿಮೆ ಜನ ಇದ್ದಾರೆ ಅಂತ ಕಂಪನಿ ಬರಲ್ಲ, ಕಂಪನಿ ಬರಲ್ಲ ಅಂತ ಜನ ಹೆಚ್ಚಲ್ಲ. ಬಸ್ಸು ಬಿಟ್ಟರೆ ಜನ ಹತ್ತುತಾರೆ ಅಂತ ಊರೋರು, ಜನ ಇದ್ದರೆ ಬಸ್ಸು ಬಿಡ್ತೀವಿ ಅಂತ ಡಿಪೋದೋರು. ನಮ್ಮ ಕಡೆ ಹಳ್ಳಿಗಳಿಗೆ ಈ ಜಗಳ ಹೊಸದೇನಲ್ಲ.

ಆದರೂ ಬಸ್ಸು ಒಂದೊಂದೇ ಬರ್ತಿದೆ. 2014ರಲ್ಲಿ ಬಿಟ್‌ವಿಗ್ ಸ್ಟುಡಿಯೋ ತನ್ನ ಮೊದಲ ಆವೃತ್ತಿಯಿಂದಲೇ ಲಿನಕ್ಸಿಗೂ ಬಂತು. ರೀಪರ್ ಬಂತು. 2023ರಲ್ಲಿ ಸ್ಟುಡಿಯೋ ಒನ್ ಲಿನಕ್ಸಿಗೆ ಪರೀಕ್ಷಾ ಆವೃತ್ತಿ ಬಿಟ್ಟಿತು. 2018ರಲ್ಲಿ ಸ್ಟೈನ್‌ಬರ್ಗ್ ಹಳೆಯ ವಿ.ಎಸ್.ಟಿ. 2ಕ್ಕೆ ಹೊಸಬರಿಗೆ ಪರವಾನಗಿ ಕೊಡೋದು ನಿಲ್ಲಿಸಿದಾಗ, ಬೀಗದ ಕೈ ಒಬ್ಬರ ಹತ್ತಿರ ಇದ್ದರೆ ಏನಾಗುತ್ತೆ ಅಂತ ಪ್ಲಗಿನ್ ಮಾಡೋರಿಗೂ ಗೊತ್ತಾಯ್ತು. 2022ರಲ್ಲಿ ಬಿಟ್‌ವಿಗ್ ಮತ್ತು ಯು-ಹಿ ಕಂಪನಿಗಳು ಕ್ಲ್ಯಾಪ್ ಅನ್ನೋ ಮುಕ್ತ ಪದ್ಧತಿ ಹೊರತಂದವು. 2025ರ ಅಕ್ಟೋಬರಿನಲ್ಲಿ ಸ್ಟೈನ್‌ಬರ್ಗ್ ಕೂಡ ವಿ.ಎಸ್.ಟಿ. 3ನ್ನು ಎಂ.ಐ.ಟಿ. ಪರವಾನಗಿಯಲ್ಲಿ ಯಾರು ಬೇಕಾದರೂ ಬಳಸಲು ಬಿಟ್ಟಿತು. ಅದೇ ತಿಂಗಳು 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಗಟ್ಟಿಯಾಗಿ ಓಡೋ ಎಷ್ಟೋ ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಅನರ್ಹ. ಅವು ಗುಜರಿಗೆ ಹೋಗಬೇಕೋ, ಲಿನಕ್ಸಿಗೆ ಬರಬೇಕೋ ಅನ್ನೋ ಪ್ರಶ್ನೆ ಈಗ ನಮ್ಮಂಥ ಸಣ್ಣೂರಿನ ಸ್ಟುಡಿಯೋಗಳದ್ದು.

ಕನ್ನಡದೋರಿಗೆ ಈ ಕಥೆ ಬಿಡಿಸಿ ಹೇಳೋದೇ ಬೇಡ, ನಾವು ಅಕ್ಷರದಲ್ಲಿ ಇದನ್ನ ಅನುಭವಿಸಿದೋರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದು ಕಂಪ್ಯೂಟರಿನಲ್ಲಿ ಕನ್ನಡ ಬರೆಯೋದು ಸಲೀಸಾಯ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎರಡೂ ದೊಡ್ಡ ಉಪಕಾರ ಮಾಡಿದವು. ಆದರೆ ಎರಡೂ ವಿಂಡೋಸಿನವು. ಯುನಿಕೋಡಿಗೆ ಮುಂಚೆ ಒಬ್ಬೊಬ್ಬರ ಫಾಂಟಿನ ಸಂಕೇತ ಒಂದೊಂದು ಥರ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಗೀಚು. ಚನ್ನಗಿರಿಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ಕಂಪೋಸ್ ಮಾಡಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಒಬ್ಬ ಮೇಷ್ಟ್ರು ಸಂಗ್ರಹಿಸಿದ ಕೋಲಾಟದ ಪದಗಳ ಪುಸ್ತಕ, ಎಲ್ಲ ಈಗ ತೆರೆದರೆ ಚಿತ್ರವಿಚಿತ್ರ ರೋಮನ್ ಗುರುತುಗಳು. ಇದನ್ನ ಬಿಡಿಸಿದ್ದೂ ಮುಕ್ತ ತಂತ್ರಾಂಶದ ಕನ್ನಡಿಗರೇ. ಅರವಿಂದ ವಿ.ಕೆ. ಅವರಂಥೋರು ಹಳೇ ಸಂಕೇತವನ್ನ ಯುನಿಕೋಡಿಗೆ ತಿರುಗಿಸೋ ಪ್ರೋಗ್ರಾಮು ಬರೆದರು, ಗುಬ್ಬಿ, ನವಿಲು ಫಾಂಟುಗಳನ್ನ ಕೊಟ್ಟರು. ಓಂಶಿವಪ್ರಕಾಶ್ ಅವರ 'ಲಿನಕ್ಸಾಯಣ' ಓದಿ ಲಿನಕ್ಸ್ ಹಾಕಿಕೊಂಡೋರಲ್ಲಿ ನಾನೂ ಒಬ್ಬ. ಕೆ.ಪಿ. ರಾವ್ ಅವರು ಹಾಕಿಕೊಟ್ಟ ಕೀಲಿಮಣೆಯ ಜಾಡು ಇವತ್ತು ಲಿನಕ್ಸಿನಲ್ಲೂ ಇದೆ, ಈ ಲೇಖನ ಅದರಲ್ಲೇ ಕುಟ್ಟಿದ್ದು. ಅಕ್ಷರಕ್ಕೆ ಆದದ್ದು ಹಾಡಿಗೆ ಆಗಲ್ಲ ಅಂತ ಯಾಕೆ ಅಂದುಕೊಳ್ಳಬೇಕು?

ಈಗ ನನ್ನ ಲೆಕ್ಕ ಹೇಳಿಬಿಡ್ತೀನಿ. ನನ್ನ ಕೋಣೆಯ ಮುಖ್ಯ ಕಂಪ್ಯೂಟರು ಈಗ ಲಿನಕ್ಸು. ಯು.ಎಸ್.ಬಿ.ಯ ಸಾಮಾನ್ಯ ಕಟ್ಟಳೆ ಪಾಲಿಸೋ ಸೌಂಡ್ ಇಂಟರ್‌ಫೇಸ್ ಇದ್ದರೆ ಡ್ರೈವರೇ ಬೇಡ, ಚುಚ್ಚಿದರೆ ಆಯ್ತು. ಭಜನೆ, ತತ್ವಪದ, ಸೂರಗೊಂಡನಕೊಪ್ಪದ ಕಡೆಯೋರ ಲಂಬಾಣಿ ಹಾಡು ಎಲ್ಲ ಆರ್ಡರಿನಲ್ಲೇ ತುಂಬಿಸ್ತೀನಿ. ಅದರ ಲೆಕ್ಕದ ಫೈಲು ಬರೀ ಪಠ್ಯ, ಯಾವ ಎಡಿಟರಿನಲ್ಲಾದರೂ ತೆರೆದು ಯಾವ ತುಣುಕು ಎಲ್ಲಿ ಕೂತಿದೆ ಅಂತ ಓದಬಹುದು. ನಾಳೆ ಆರ್ಡರ್ ಸತ್ತರೂ ಹಾಡು ಸಾಯಲ್ಲ. ಜಗಳೂರಿನ ಕಡೆಯ ಒಬ್ಬರು ಗಣೆ ಊದಿದಾಗ, ಅದರ ಉಸಿರಿನ ಸದ್ದನ್ನ ಗದ್ದಲ ಅಂತ ತಿಳಿದು ಒರೆಸಿಹಾಕದ ಹಾಗೆ ಎಲ್ಲವನ್ನೂ ಕೈಯಿಂದಲೇ ಹದ ಮಾಡಿದೆ. ಚೆನ್ನಾಗಿಯೇ ಬಂತು.

ಆದರೆ ಮೂಲೆಯಲ್ಲಿ ಒಂದು ವಿಂಡೋಸ್ ಮಷಿನ್ನು ಇನ್ನೂ ಇದೆ, ಸುಳ್ಳು ಹೇಳಲ್ಲ. ದುಡ್ಡು ಕೂಡಿಸಿ ಕೊಂಡ ಒಂದು ಶಹನಾಯಿ, ನಾಗಸ್ವರದ ಪ್ಲಗಿನ್ನು ಅದರಲ್ಲಿ ಮಾತ್ರ ಓಡೋದು. ವೈನ್, ಯಾಬ್ರಿಡ್ಜ್ ಅಂತ ವಿಂಡೋಸಿನ ಪ್ಲಗಿನ್ನನ್ನ ಲಿನಕ್ಸಿನಲ್ಲಿ ಓಡಿಸೋ ಉಪಾಯಗಳಿವೆ. ಕೆಲವು ಓಡ್ತವೆ, ಇದರ ಬೀಗ ಮಾತ್ರ ಬಗ್ಗಲಿಲ್ಲ. ಮದುವೆ ಹಾಡಿಗೆ ಶಹನಾಯಿ ಕೇಳ್ತಾರೆ, ಇಲ್ಲ ಅನ್ನೋಕಾಗಲ್ಲ. ಬೆಂಗಳೂರಿನಲ್ಲಿ ಸಿನಿಮಾ ಕೆಲಸ ಮಾಡೋ ನನ್ನ ಗೆಳೆಯನಿಗಂತೂ ಬೇರೆ ದಾರಿಯೇ ಇಲ್ಲ, ಅವನಿಗೆ ಬರೋದೇ ಪ್ರೋ ಟೂಲ್ಸ್ ಫೈಲು. "ನೀನು ಹಳ್ಳಿಲಿ ಕೂತು ಲಿನಕ್ಸ್ ಅಂತೀಯ, ನಂಗೆ ಸಂಜೆ ಒಳಗೆ ಮಿಕ್ಸ್ ಕೊಡಬೇಕಲೇ" ಅಂತಾನೆ. ಅವನ ಮಾತೂ ನಿಜವೇ.

ಹಾಗಾಗಿ ನಾವು ಕೇಳೋದು ಪುಕ್ಕಟೆ ಅಲ್ಲ. ಕೊಂಡದ್ದನ್ನ ನಮ್ಮ ಮಷಿನ್ನಿನಲ್ಲಿ ಓಡಿಸೋಕೆ ಬಿಡಿ, ದುಡ್ಡು ಕೊಡ್ತೀವಿ. ನಾವು ಕಟ್ಟಿದ ಹಾಡಿನ ಲೆಕ್ಕವನ್ನ ಯಾರಾದರೂ ಓದಬಲ್ಲ ರೂಪದಲ್ಲಿ ಹೊರಗೆ ಕೊಡಿ. ಇಷ್ಟೇ. ಅವರು ಕೊಡೋ ತನಕ ನಾವು ಮಾಡಬೇಕಾದ್ದೂ ಇದೆ. ನಾನೀಗ ಪ್ರತಿ ಹಾಡಿನ ಪ್ರತಿ ದನಿಯನ್ನೂ ಮೊದಲಿನಿಂದ ಕೊನೆವರೆಗೆ ಒಂದೊಂದೇ ಡಬ್ಲ್ಯೂ.ಎ.ವಿ. ಆಗಿ ತೆಗೆದಿಡ್ತೀನಿ. ಎಲ್ಲ ಒಂದೇ ಹೊತ್ತಿಗೆ ಶುರುವಾಗೋ ಹಾಗೆ ಇಟ್ಟರೆ ಯಾವ ಸಾಫ್ಟ್‌ವೇರಿಗೆ ಹಾಕಿದರೂ ಕೂಡಿಕೊಳ್ತವೆ. ಜೊತೆಗೊಂದು ಪಠ್ಯದ ಫೈಲು: ಯಾರು ಹಾಡಿದ್ದು, ಯಾವೂರು, ಯಾವ ಹೊತ್ತಿನ ಪದ, ಯಾರಿಂದ ಕಲಿತದ್ದು. ಎರಡು ಹಾರ್ಡ್ ಡಿಸ್ಕು, ಒಂದು ನನ್ನ ಮನೇಲಿ, ಇನ್ನೊಂದು ಹೊನ್ನಾಳಿಯ ತಂಗಿ ಮನೇಲಿ.

ಅಜ್ಜಿಯ 63 ತುಣುಕು ಜೋಡಿಸೋಕೆ ನನಗೆ ಐದು ರಾತ್ರಿ ಹಿಡೀತು. ದನಿ ಗುರುತು ಹಿಡಿದು, ಶ್ರುತಿ ನೋಡಿ, ಉಸಿರಿಗೆ ಉಸಿರು ಹೊಂದಿಸಿ ಏಳು ಪದ ಕೂಡಿಸಿದೆ. ಕರೆದು ಕೇಳಿಸಿದೆ. ಅಜ್ಜಿ ಸೆರಗು ಬಾಯಿಗೆ ಹಿಡಕೊಂಡು ಕೇಳಿದರು. ತೀರಿಕೊಂಡ ಗೆಳತಿಯರ ದನಿ ಬಂದಾಗ ಕಣ್ಣು ಒರೆಸಿಕೊಂಡರು. ಮೂರನೇ ಪದಕ್ಕೆ ಬಂದಾಗ ಕೈ ಎತ್ತಿ ನಿಲ್ಲಿಸು ಅಂದರು.

"ತಮ್ಮಾ, ಹೆಣ್ಣೊಪ್ಪಿಸೋ ಪದಾನ ಇಲ್ಲಿಗೆ ಯಾಕೆ ತಂದಿದಿಯ? ಇನ್ನೂ ಅರಿಶಿಣ ಕುಟ್ಟಿಲ್ಲ, ಮದುಮಗಳಿಗೆ ನೀರು ಹಾಕಿಲ್ಲ, ಧಾರೆ ಆಗಿಲ್ಲ" ಅಂದರು.

ಪಕ್ಕದಲ್ಲೇ ಕೂರಿಸಿಕೊಂಡು, ಅವರು ಹೇಳಿದ ಹಾಗೆ ಒಂದೊಂದೇ ಪದವನ್ನ ಎಳೆದು ಅದರ ಜಾಗಕ್ಕೆ ಇಟ್ಟೆ. ಹತ್ತು ನಿಮಿಷದ ಕೆಲಸ. ಆಮೇಲೆ ಪಠ್ಯದ ಫೈಲು ತೆರೆದು ಆ ಅನುಕ್ರಮವನ್ನೂ ಬರೆದುಕೊಂಡೆ, ಜೊತೆಗೆ ನಾಲ್ಕೂ ಜನರ ಹೆಸರು. ಮದುವೆ ದಿನ ಹುಡುಗೀರು ಮೊಬೈಲಿನಲ್ಲಿ ಹಾಕಿಕೊಂಡು ಜೊತೆಗೆ ಹಾಡಿದರಂತೆ. ಎರಡು ಪದ ಈಗ ಅವರಿಗೆ ಬಾಯಿಗೆ ಬರುತ್ತಂತೆ, ಅಜ್ಜಿಯೇ ಬಂದು ಹೇಳಿದರು.